ಪೆನ್‌ಡ್ರೈವಿನಲ್ಲಿ ಹಾಡದ ವಾಲ್ಟ್ಸ್

ಕೆನಡಾದ ಸಸ್ಕಾಚೆವಾನಿನ ಧಾನ್ಯದ ಗೋದಾಮಿನ ಮುಂದೆ, ತೂಕದ ಸಾಲಿನಲ್ಲಿ ಲಾರಿ ನಿಲ್ಲಿಸಿಕೊಂಡಿದ್ದ ಹಲ್ಡಾಳಿಗೆ ಮುಂದಿನ ಇಬ್ಬರು ರೈತರ ಮಾತು ಕೇಳಿಸುತ್ತಿತ್ತು.

“ಶನಿವಾರ ನಮ್ಮ ಮದುವೆಯ ನಲವತ್ತನೇ ವರ್ಷದ ಕುಣಿತ, ಆರ್ವಿಡ್. ಹಾಡಿನ ಆ್ಯಪಿಂದ ಡೌನ್‌ಲೋಡ್ ಮಾಡಿದ್ದೆಲ್ಲ ಪೆನ್‌ಡ್ರೈವಿಗೆ ಹಾಕ್ದೆ. ಊರ ಭವನದ ಪ್ಲೇಯರ್ ಒಂದನ್ನೂ ಹಾಡ್ತಿಲ್ಲ.”

“ಹಾಡಲ್ಲ ಕಣಯ್ಯ ಲೈಲ್. ಅವು ಆ ಆ್ಯಪ್ ಒಳಗೆ ಮಾತ್ರ ಬಾಯಿ ಬಿಡೋದು.”

“ತಿಂಗಳು ತಿಂಗಳು ದುಡ್ಡು ಕಟ್ತೀನಲ್ಲೋ!”

“ಕನೋಲಾ ಎಣ್ಣೆಕಾಳಿನ ಬೀಜಕ್ಕೂ ಕಟ್ತೀಯ. ಬೆಳೆದದ್ದರಲ್ಲಿ ಬಿತ್ತನೆಗೆ ಎತ್ತಿಡೋಕೆ ಬೀಜದ ಕಂಪನಿಯೋರು ಬಿಡ್ತಾರಾ?”

“ಥೂ, ಇದಕ್ಕೂ ಅದೇ ಕರಾರಾ! ಭವನದಲ್ಲಿ ಸಿಗ್ನಲ್ಲೂ ಇಲ್ಲ. ನಮ್ಮನೆಯೋಳು ವರ್ನಾಗೆ ಜೋಡಿಯಾಗಿ ಕುಣಿಯೋಕೆ ಆ ವಾಲ್ಟ್ಸ್ ಹಾಡು ಬೇಕೇ ಬೇಕು.”

“ಸಿಗ್ನಲ್ ಯಾಕೆ? ಇಳಿಸಿಕೊಂಡ ಹಾಡು ಫೋನಲ್ಲೇ ಇದೆಯಲ್ಲ. ನೀನು ಫೋನ್ ತಾ, ಸ್ಪೀಕರಿಗೆ ಸಿಕ್ಕಿಸೋ ವೈರ್ ನಾನು ತರ್ತೀನಿ.”

“ಅಷ್ಟೇನಾ?”

“ಅಷ್ಟೇ. ನೀನು ಅವಳ ಕಾಲು ತುಳೀದೆ ಕುಣಿ, ಸಾಕು.”

ತೂಕದವನು ಕೈ ಬೀಸಿದ. ಲೈಲ್ ಸಿಳ್ಳೆ ಹಾಕುತ್ತ ಲಾರಿ ಹತ್ತಿದ. ಊರಿಗೆಲ್ಲ ಕರೆಯಿದ್ದ ಶನಿವಾರದ ಕುಣಿತಕ್ಕೆ ತನ್ನ ಬೂಟು ಎಲ್ಲಿಟ್ಟೆನೆಂದು ಯೋಚಿಸುತ್ತ ಹಲ್ಡಾ ಗೇರ್ ಹಾಕಿದಳು.