ಸಾಲಿನಲ್ಲಿ ಜಾಗ ಬಿಟ್ಟವರು

...ಅಲ್ಲಲ್ಲ, ಆ ಮೆಟ್ಟಿಲು ಬೇಡ ಪ್ರತಿಮಾ ಮೇಡಂ, ಪಾಚಿ ಕಟ್ಟಿದೆ, ಜಾರ್ತದೆ! ಇಲ್ಲಿ ಕೂತ್ಕೊಳ್ಳಿ. ಹನ್ನೊಂದು ವರ್ಷದ ಹಿಂದೆ ಲೈನಲ್ಲಿ ಯಾರು ಜಾಗ ಬಿಟ್ರು, ಯಾರು ಬಿಡ್ಲಿಲ್ಲ ಅಂತ ನೀವು ಗೀಟು ಹಾಕ್ತಾ ಕೂರ್ತಿದ್ದದ್ದು ಇಲ್ಲೇ. ನಾನು ಲಾಂಚಿನ ಹಗ್ಗ ಕಟ್ತಿದ್ದೆ. ಈಗ ನೋಡಿ... ಸೇತುವೆ ಮೇಲೆ ಎಲ್ಲಾ ಭರ್ರಂತ ಹೋಗ್ತಾರೆ. ನಮ್ಮ ಹೊಳೆಬಾಗಿಲ ದಡದಲ್ಲಿ ಲಾಂಚಿಗೆ ಲೈನು ನಿಲ್ಲೋರು ಯಾರು ಇನ್ನು?

ಮತ್ತೆ, ನಮ್ಮ ಪ್ರಬಂಧ ಹೇಗಿದೆ? ಯಾಕೆ ನಗ್ತೀರಿ? ಹಗ್ಗ ಕಟ್ಟೋ ಹೂವಪ್ಪಂಗೆ ಎಂತ ಗೊತ್ತು ಅಂತಲಾ? ಮೊಮ್ಮಗಳು ಶ್ರಾವ್ಯಾ ಫೋನಲ್ಲಿ ತೋರಿಸ್ತಾಳೆ. ಜನರ ನಡವಳಿಕೆ ಬಗ್ಗೆ ನೀವು ಮೂವತ್ತೊಂದು ಪ್ರಬಂಧ ಬರೆದಿದ್ದೀರಿ. ಹೆಚ್ಚಿನವನ್ನ ಹತ್ತು ಜನ, ಹದಿನೈದು ಜನ ತಮ್ಮ ಬರಹದಲ್ಲಿ ನೆನೆಸ್ಕೊಂಡಿದ್ದಾರೆ. ಒಂದಕ್ಕಂತೂ ಸೊನ್ನೆ! ಬೇಜಾರು ಮಾಡ್ಕೋಬೇಡಿ, ಇದ್ದದ್ದು ಹೇಳ್ದೆ. ಆದ್ರೆ ನಮ್ಮ ಲೈನಿನದು... ನಾನೂರ ಹನ್ನೆರಡು! ಎಲ್ಲೆಲ್ಲೋ ದೇಶದಲ್ಲಿ ಕೂತು, ಹೊಳೆಬಾಗಿಲಿನ ಜನ ಹೀಗೆ ಅಂತ ಬರೆದಿದ್ದಾರಂತೆ. ಅಷ್ಟು ಜನ ಒಟ್ಟಿಗೆ ಹತ್ತಿದ್ರೆ ಲಾಂಚೇ ಮುಳುಗ್ತಿತ್ತು ಮಾರಾಯ್ರೆ!

ಯಾವ ಮದುವೆ ಮನೆಗೆ ಹೋದ್ರೂ ನಾನು ಇದನ್ನೇ ಹೇಳೋದು. ಗುರುತು ಪರಿಚಯ ಇಲ್ಲದ ಹುಡುಗಿ, ಸೊಂಟದ ಮೇಲೆ ದೊಡ್ಡ ಗಂಟು, ತಡವಾಗಿ ಬರ್ತಾಳೆ. ನೂರಕ್ಕೆ ತೊಂಬತ್ತನಾಲ್ಕು ಜನ ಅವಳನ್ನ ಮುಂದೆ ಬಿಟ್ರು! ಎಲ್ಲಿದ್ದಾಳೆ ಗಂಟು ಹೊತ್ತ ನಿಮ್ಮ ಶಿಷ್ಯೆ, ಆ ಭವ್ಯಾ? ...ಹೌದಾ? ಅವಳೂ ಕಾಲೇಜಲ್ಲಿ ಪಾಠ ಹೇಳ್ತಾಳಾ? ಒಳ್ಳೇದಾಯ್ತು. ಪಾಪ, ಆ ಗಂಟಲ್ಲಿ ಇದ್ದದ್ದು ಬರೀ ಹಳೇ ಪೇಪರು...

ಆಂ? ನಂಗೆ ಹೇಗೆ ಗೊತ್ತು ಅಂದ್ರೆ... ಅವಳು ನಡಿಯೋದು ನೋಡಿದ್ರೆ ಗೊತ್ತಾಗಲ್ವಾ? ಹುಲ್ಲಿನ ಹೊರೆ ಹೊತ್ತು ಬೆಳೆದೋರು ನಾವು. ...ಇಲ್ಲ ಇಲ್ಲ, ಬೇರೆ ಯಾರಿಗೂ ಗೊತ್ತಿರ್ಲಿಲ್ಲ. ನಂಗೊಬ್ಬನಿಗೇ.

ಆ ಕಾಗದ ಎಂತದು? ...ಹಾಲೆಂಡಿನೋರದ್ದಾ? ಅಯ್ಯಯ್ಯೋ, ನಿಮ್ಮ ಪರೀಕ್ಷೆ ನಿಜವಾ ಅಂತ ನೋಡೋಕೆ ಅವರೂ ಗಂಟು ಹೊತ್ಕೊಂಡು ಲೈನಿಗೆ ನಿಂತ್ರಾ! ...ನೂರಕ್ಕೆ ಇಪ್ಪತ್ತೇಳೇ ಜನ ಜಾಗ ಬಿಟ್ಟಿದ್ದಾ? ಮೂರು ಊರಲ್ಲೂ? ಬಿಡಿ ಮೇಡಂ, ಅವರ ಜನ ಹಾಗೆ. ನಮ್ಮೋರ ಹಾಗೆ ಇರ್ತಾರಾ?

...ವಾಪಸು ತಗೋಬೇಕಾ? ಅಚ್ಚಾದ ಪ್ರಬಂಧಾನ ವಾಪಸು ತಗೊಳ್ಳೋದು ಅಂತ ಬೇರೆ ಇದೆಯಾ! ...ಪ್ರೊಫೆಸರ್ ಕೆಲಸ ಸಿಕ್ಕಿದ್ದೂ ಅದರ ಮೇಲೇನಾ?

ತಡೀರಿ, ಹೆದರ್ಕೋಬೇಡಿ. ಅವರೇ ಇಲ್ಲಿಗೆ ಬಂದು ನೋಡ್ಲಿ! ಲಾಂಚಿಗೆ ಲೈನೇ ಇಲ್ಲ, ಎಂತ ನೋಡ್ತಾರೆ? ಸುಳ್ಳು ಅನ್ನೋಕೆ ಒಬ್ಬರಿಗೂ ಆಗಲ್ಲ. ...ಮತ್ತೆ ಅದನ್ನೇ ಕೇಳ್ತೀರಲ್ಲ. ಜನಕ್ಕೆ ಗೊತ್ತಿರ್ಲಿಲ್ಲ ಅಂದ್ನಲ್ಲ. ಇಲ್ಲ.

ಇಲ್ಲ ಅಂದೆ.

...ಆ ಕಾಗದ ಯಾಕೆ ಮಡಚಿದ್ರಿ ಮೇಡಂ? ಕೂತ್ಕೊಳ್ಳಿ, ಹೇಳ್ತೀನಿ.

...ಮೊದಲ್ನೇ ದಿನ ನೆನಪಿದೆಯಾ? ಇಪ್ಪತ್ತು ಜನರಲ್ಲಿ ಇಬ್ರು ಜಾಗ ಬಿಟ್ರು. ಇಬ್ರೇ! ಅವತ್ತಿನದು ಬರೀ ಅಭ್ಯಾಸ ಅಂತ ನೀವು ಅದನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ. ಭವ್ಯಾನ ಮೊಣಕೈಲಿ ಹಿಂದೆ ತಳ್ಳಿದ ಹೆಂಗಸು ಯಾರು ಗೊತ್ತಾ? ನನ್ನ ಹೆಂಡತಿ, ದುಗ್ಗಮ್ಮ! ನೀವು ತಲೆ ಬಗ್ಗಿಸಿ ಗೀಟು ಹಾಕಿದ್ದು ಕಂಡೆ. ತಕ್ಷಣ ಹೋಗಿ ಭವ್ಯಾನ ಕೇಳ್ದೆ, ಎಂತ ಬರೀತಾರೆ ನಿಮ್ಮ ಮೇಡಂ ಅಂತ. ಸಣ್ಣ ಹುಡುಗಿ, ಎಲ್ಲಾ ಹೇಳಿಬಿಟ್ಳು. ಅವಳನ್ನ ಬೈಬೇಡಿ.

ನಮ್ಮೂರೋರು ಹೀಗೆ ಅಂತ ಪುಸ್ತಕದಲ್ಲಿ ಬರ್ತದಲ್ಲ ಮೇಡಂ... ಮಾರನೇ ದಿನದಿಂದ ಲೈನಿಗೆ ಬಂದೋರ ಕಿವೀಲಿ ಒಂದೇ ಮಾತು. ಗಂಟಿನ ಹುಡುಗಿ ಬಂದ್ರೆ ಜಾಗ ಬಿಡಿ, ಊರಿನ ಮರ್ಯಾದೆ. ಆಚೆ ದಡದಲ್ಲಿ ಬ್ಯಾಕೋಡಿನ ಬಸ್ಸಿಗೂ ಹತ್ತಿ ಹೇಳ್ತಿದ್ದೆ. ಬಿಟ್ಟವರಿಗೆ ಎಷ್ಟು ಖುಷಿ ಅಂತೀರಿ! ದುಗ್ಗಮ್ಮ ಬೇಕಂತಲೇ ಎರಡು ಸಲ ಲೈನಿಗೆ ಬಂದು ಜಾಗ ಬಿಟ್ಳು.

ಜಾಗ ಬಿಡದ ಆ ನೂರಕ್ಕೆ ಆರು ಜನಾನಾ? ಅವರು ತೀರ್ಥಹಳ್ಳಿ ಕಡೆಯಿಂದ ಓಡ್ಕೊಂಡು ಬಂದೋರು. ಅವರಿಗೆ ಹೇಳೋಕೆ ನಂಗೆ ಪುರುಸೊತ್ತು ಸಿಗ್ಲಿಲ್ಲ.

...ನೀವು ಹೋದ ಮೂರನೇ ದಿನಕ್ಕೆ ಲೈನಲ್ಲಿ ಮತ್ತೆ ಅದೇ ತಳ್ಳಾಟ.

ಬೈರಿ ಮೇಡಂ. ಒಂದು ಮಾತು ಬೈದ್ಬಿಡಿ. ನಿಮಗೆ ಸಹಾಯ ಆಗ್ಲಿ ಅಂತ ಮಾಡ್ದೆ ಅಂತ ಹನ್ನೊಂದು ವರ್ಷ ನನಗೇ ಹೇಳ್ಕೊಂಡೆ. ಅದಲ್ಲ. ನಮ್ಮ ಹೆಸರು ಚೆನ್ನಾಗಿ ಬರ್ಲಿ ಅಂತ ಮಾಡಿದ್ದು.

ಪೆನ್ನು ತೆಗೆದ್ರಾ? ಬರ್ಕೊಳ್ಳಿ. ಹೆಸರು ಹೂವಪ್ಪ. ಎರಡನೇ ದಿನ, ಬೆಳಿಗ್ಗೆ ಮೊದಲ್ನೇ ಲಾಂಚಿಂದ... ಬರೀರಿ, ನಿಧಾನಕ್ಕೆ ಹೇಳ್ತೀನಿ.

...ಯಾಕೆ, ಕೈ ನಿಂತೇ ಹೋಯ್ತಲ್ಲ.

ಕೊಡಿ ಇಲ್ಲಿ. ನಾನು ಮಾಡಿದ್ದನ್ನ ನಾನೇ ಬರೀತೀನಿ. ಅಕ್ಷರ ಅಷ್ಟು ಚೆಂದ ಇಲ್ಲ... ಆದ್ರೆ ಓದೋಕೆ ಬರ್ತದೆ.