ದೂರುಗಳಿಗೆ ಈ ನಂಬರು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಊದಿದ ದವಡೆ ಹಿಡಿದು ಕೂತಿದ್ದ ಟೀಚರಮ್ಮನಿಗೆ ಪಕ್ಕದ ಗಂಡಹೆಂಡಿರ ಜಗಳ ಕಿವಿಗೆ ಬೀಳುತ್ತಲೇ ಇತ್ತು. ಗಡಿಯಾರ ರಿಪೇರಿಯ ಗಂಡ ಹಿಂದಿನ ದಿನವಷ್ಟೇ ತನ್ನದೊಂದು ವೆಬ್ ಪೇಜ್ ಮಾಡಿ ಹಾಕಿದ್ದ; ಹೆಂಡತಿ ಈಗ ಅದನ್ನು ಫೋನಿನಲ್ಲಿ ನೋಡುತ್ತಿದ್ದಳು.

“ನಿಮ್ಮ ಗುರುಗಳಿದ್ದಾರೆ, ಅಂಗಡಿ ಇದೆ, ಆ ಹಾಳು ಬೆಕ್ಕೂ ಇದೆ. ನಾನೆಲ್ರೀ?”

“ಇದ್ದೀಯಲ್ಲೇ, ಇನ್ನೂ ಕೆಳಗೆ ನೋಡು.”

“ಕೆಳಗೆ ‘ದೂರುಗಳಿದ್ದರೆ ಸಂಪರ್ಕಿಸಿ’ ಅಂತಿದೆ.”

“ಹಾಂ, ಅದರ ಪಕ್ಕದಲ್ಲೇ.”

“ಅಯ್ಯೋ, ಇದು ನನ್ನ ನಂಬರು! ಬೆಳಗ್ಗಿಂದ ಕಂಡಕಂಡೋರೆಲ್ಲ ಫೋನ್ ಮಾಡಿ ತಲೆ ತಿಂತಿರೋದು ಇದಕ್ಕೇನಾ?”

“ಕೆಲಸದ ಮಧ್ಯೆ ಬೈಸ್ಕೊಳ್ಳೋಕೆ ನಂಗೆಲ್ಲೇ ಪುರುಸೊತ್ತು? ನಿಂಗಾದ್ರೆ ಬಾಯಿದೆ.”

ಅಷ್ಟರಲ್ಲಿ ಡಾಕ್ಟರು ಅವನ ಹೆಸರು ಕರೆದರು. ಗಂಡ ಬದುಕಿದೆನೆಂದು ಒಳಗೆ ನುಗ್ಗಿದ. ಹೆಂಡತಿಯ ಫೋನು ಮತ್ತೆ ಬಡಿದುಕೊಂಡಿತು. ಅವಳು ಎದ್ದು ಹೊರಬಾಗಿಲಿಗೆ ನಡೆದಳು.

“ಹೂಂ, ನಾನೇ. ಆ ಮನುಷ್ಯನ ಮೇಲೆ ದೂರಾ? ಕೂತ್ಕೊಳ್ಳಿ, ಮೊದಲು ನನ್ನದು ಕೇಳಿ.”