ದಾಸಿ ವೇಷದ ಪಾಠ

ತೆರಕಣಾಂಬಿಯಲ್ಲಿ ಬಸ್ಸು ನಿಲ್ಲುವ ಮರದಡಿ ವೀಳ್ಯದೆಲೆ ಮಾರುತ್ತಿದ್ದ ಮಾದಮ್ಮನ ಪಕ್ಕದಲ್ಲೇ ನಾಟಕದ ಮೇಷ್ಟ್ರು ಗುರುಪಾದಸ್ವಾಮಿ ನಿಂತಿದ್ದರು. ಮೊದಲ ಸಲ ಗಂಡನ ಮನೆಗೆ ಹೊರಟ ಮಗಳು ಪುಟ್ಟಮಲ್ಲಮ್ಮನಿಗೆ ಮೆಲ್ಲಗೆ ಹೇಳುತ್ತಿದ್ದರು. ಮಾದಮ್ಮ ಕೇಳಿಸದವಳಂತೆ ಎಲೆ ಜೋಡಿಸುತ್ತಿದ್ದಳು.

“ನಿಂಗೆ ಓದು ಬತ್ತದೆ ಅಂತ ತೋರಿಸ್ಕೋಬ್ಯಾಡ ಕಣವ್ವ. ಓದಿದ ಸೊಸೆ ಮನೆ ಒಡೀತಾಳೆ ಅನ್ನೋ ಜನ. ಬರಾಕಿಲ್ಲ ಅಂದೇ ಸಂಬಂಧ ಒಪ್ಪಿಸ್ಬುಟ್ಟಿವ್ನಿ.”

“ಕಾಗದ ಕೈಗೆ ಕೊಟ್ರೆ?”

“ತಲೆಕೆಳಗಾಗಿ ಇಡ್ಕೊ.”

“ನಾಟಕದಲ್ಲಿ ರಾಣಿ ಪಾತ್ರದ ಚಿಕ್ಕಣ್ಣನಿಗೂ ಇಂಗೇ ಕಲಿಸಿದ್ರಲ್ಲ ಅಪ್ಪ? ದಾಸಿ ವೇಷದಲ್ಲಿರೋವಾಗ ತಲೆ ಎತ್ತಬ್ಯಾಡ ಕಣ್ಲಾ, ಎತ್ತಿದ್ರೆ ರಾಣಿ ಅಂತ ಗೊತ್ತಾಯ್ತದೆ ಅಂತ.”

“ಆ ಮೀಸೆ ಬೋಳಿಸಿದ ದಡ್ಡ ಏನು ಕಲಿತ? ಅವನ ಮಾತನ್ನೆಲ್ಲ ಓದಿ ಓದಿ ಬಾಯಿಪಾಠ ಮಾಡಿಸ್ದೋಳು ನೀನು. ನಿಂಗೆ ಸಲೀಸಾಯ್ತದೆ.”

“ರಾಣಿ ಎಷ್ಟು ದಿನ ಅಂಗಿದ್ಲು?”

“ಒಂದು ವರ್ಷ. ಆಮೇಕೆ ಗಂಡನೇ ಕರ್ಕೊಂಡೋಗಿ ಸಿಂಹಾಸನದ ಮೇಲೆ ಕೂರಿಸ್ತಾನೆ.”

“ನಾನೆಷ್ಟು ದಿನ ಇರ್ಬೇಕು?”

“ಬಸ್ ಬತ್ತು, ಏಳವ್ವ.”

ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ದಪ್ಪಕ್ಷರದಲ್ಲೇ ಇತ್ತು. ಪುಟ್ಟಮಲ್ಲಮ್ಮ ಅದರ ಮುಂದೆಯೇ ನಿಂತು, ತಲೆಯ ಮೇಲೆ ಸೆರಗೆಳೆದುಕೊಂಡು ಕಂಡಕ್ಟರನನ್ನು ಕೇಳಿದಳು:

“ಅಣ್ಣಾ, ಇದು ಎಲ್ಲಿಗೋಗೋ ಬಸ್ಸು?”